ಓದುಗರ ಪ್ರಶ್ನೆ, ನಮ್ಮ ಉತ್ತರ: ರಂಗನತಿಟ್ಟಿನ ನಡುಗಡ್ಡೆಗಳಲ್ಲಿ ಯಾರೂ ಇಳಿಯಬಾರದು ಏಕೆ?

ರಂಗನತಿಟ್ಟು ಪಕ್ಷಿಧಾಮದ ಬಗ್ಗೆ ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳು ಒಂದಕ್ಕೊಂದು ಹೊಂದಿಕೊಂಡಂತೆ ಇರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಕೆಲವು ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ನಾನು ಮೈಸೂರಿನ ಶಾಲೆಯೊಂದರಲ್ಲಿ ಶಿಕ್ಷಕಿ. ಮಕ್ಕಳನ್ನು ರಂಗನತಿಟ್ಟಿಗೆ ಕರೆದುಕೊಂಡು ಹೋಗಿದ್ದಾಗ, ಯಾವುದಾದರೂ ಒಂದು ತಿಟ್ಟಿನ ಮೇಲೆ ಐದು ನಿಮಿಷ ಇಳಿಸಿ ಎಂದು ದೋಣಿಯವರನ್ನು ಕೇಳಿಕೊಂಡೆವು. ಅವರು ಸುತರಾಂ ಒಪ್ಪಲಿಲ್ಲ. ಅಲ್ಲಿ ಮನೆಯಿಲ್ಲ, ಹೊಲವಿಲ್ಲ, ಗುಡಿಯಿಲ್ಲ. ಬರಿಯ ಬಂಡೆಯ ಮೇಲೆ ಮಕ್ಕಳು ಸ್ವಲ್ಪ ಹೊತ್ತು ನಿಂತರೆ ಆಗುವ ನಷ್ಟವಾದರೂ ಏನು?

ಉತ್ತರ: ದೋಣಿಯವರು ಮಾಡಿದ್ದು ಸರಿ. ಅವರ ನಿರಾಕರಣೆಯ ಹಿಂದೆ ಕಾನೂನೂ ಇದೆ, ಕಾನೂನಿಗಿಂತ ಗಟ್ಟಿಯಾದ ಕಾರಣವೂ ಇದೆ. ಮೊದಲು ಆ ಕಾರಣವನ್ನೇ ನೋಡೋಣ.

ತಿಟ್ಟುಗಳ ಹೊಳೆಮತ್ತಿ, ಹೊಂಗೆ ಮರಗಳಲ್ಲೂ ಬಿದಿರು ಮೆಳೆಗಳಲ್ಲೂ ಬಣ್ಣದ ಕೊಕ್ಕರೆ, ಬಾಯಿಕಳಕ, ಚಮಚ ಕೊಕ್ಕರೆ, ಬಿಳಿ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿಗಳು ಒತ್ತೊತ್ತಾಗಿ ಗೂಡು ಕಟ್ಟುತ್ತವೆ. ಈ ಗೂಡುಗಳು ಗುಬ್ಬಚ್ಚಿಯ ಗೂಡಿನಂತೆ ಆಳವಾದವಲ್ಲ. ಕಡ್ಡಿಗಳನ್ನು ಅಡ್ಡಡ್ಡ ಇಟ್ಟು ಮಾಡಿದ, ಹೆಚ್ಚುಕಡಿಮೆ ಚಪ್ಪಟೆಯಾದ ಹಾಸುಗಳು. ಮನುಷ್ಯನೊಬ್ಬ ನೆಲಕ್ಕೆ ಕಾಲಿಟ್ಟ ಕೂಡಲೇ ಒಂದು ಹಕ್ಕಿ ಏಳುತ್ತದೆ, ಅದನ್ನು ನೋಡಿ ಪಕ್ಕದ ಗೂಡಿನದು ಏಳುತ್ತದೆ, ಕ್ಷಣಾರ್ಧದಲ್ಲಿ ಇಡೀ ಮರ ಖಾಲಿಯಾಗುತ್ತದೆ. ಆ ಗಡಿಬಿಡಿಯಲ್ಲಿಯೇ ಒಂದಷ್ಟು ಮೊಟ್ಟೆಗಳು ಉರುಳಿ ನೀರಿಗೆ ಬೀಳುತ್ತವೆ. ಉಳಿದ ಮೊಟ್ಟೆಗಳ ಮೇಲೆ ಬಿಸಿಲು ನೇರವಾಗಿ ಬೀಳುತ್ತದೆ. ತಾಯಿಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡುವುದಕ್ಕೆ ಮಾತ್ರ ಎಂದು ನಾವು ಭಾವಿಸುತ್ತೇವೆ. ನಮ್ಮ ಸೀಮೆಯ ಬೇಸಗೆಯಲ್ಲಿ ಅದು ಕಾವನ್ನು ತಡೆಯುವುದಕ್ಕೂ ಕೂರಬೇಕಾಗುತ್ತದೆ. ಉರಿಬಿಸಿಲಿನ ಹೊತ್ತಿನಲ್ಲಿ ದೋಣಿಯಿಂದಲೇ ಗಮನವಿಟ್ಟು ನೋಡಿದರೆ, ಬಣ್ಣದ ಕೊಕ್ಕರೆಯೊಂದು ಗೂಡಿನ ಅಂಚಿನಲ್ಲಿ ಸೂರ್ಯನಿಗೆ ಬೆನ್ನು ಮಾಡಿ, ಎರಡೂ ರೆಕ್ಕೆಗಳನ್ನು ಅರ್ಧ ಬಿಚ್ಚಿ, ಮರಿಗಳ ಮೇಲೆ ನೆರಳು ಬೀಳುವಂತೆ ಅಲುಗಾಡದೆ ನಿಂತಿರುವುದು ಕಾಣುತ್ತದೆ. ಸೂರ್ಯ ಸರಿದಂತೆ ಅದೂ ಸ್ವಲ್ಪ ಸ್ವಲ್ಪವೇ ತಿರುಗಿ ನಿಲ್ಲುತ್ತದೆ. ಆ ಹಕ್ಕಿಯನ್ನು ಅಲ್ಲಿಂದ ಎಬ್ಬಿಸಿದರೆ ಮೈಮೇಲೆ ಸರಿಯಾಗಿ ಪುಕ್ಕವೂ ಬಾರದ ಮರಿಗಳ ಗತಿ ಏನಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಅಷ್ಟು ಹೊತ್ತಿಗೆ ಕಾಗೆಗಳೂ ಹದ್ದುಗಳೂ ಬಂದಿರುತ್ತವೆ. ಅವು ಕಾಯುತ್ತಿರುವುದೇ ಇಂಥ ಗಳಿಗೆಗಾಗಿ. ಇನ್ನೂ ಒಂದು ಸಂಗತಿ ಇದೆ. ಬಣ್ಣದ ಕೊಕ್ಕರೆಯ ಮರಿಗಳು ಅಪಾಯ ಹತ್ತಿರ ಬಂದಾಗ ಹೊಟ್ಟೆಯಲ್ಲಿರುವ ಮೀನನ್ನೆಲ್ಲ ಕಕ್ಕಿ, ಗೂಡಿಗೆ ಅಂಟಿಕೊಂಡು ಸತ್ತಂತೆ ಮಲಗಿಬಿಡುತ್ತವೆ. ಆ ಮೀನನ್ನು ತಂದೆತಾಯಿಗಳು ದೂರದ ಕೆರೆಯಿಂದಲೋ ಗದ್ದೆಬಯಲಿನಿಂದಲೋ ಹುಡುಕಿ ತಂದಿರುತ್ತವೆ. ನಾವು ಇಳಿದು ಹೋದ ಮೇಲೆ ಹಕ್ಕಿಗಳು ಗೂಡಿಗೆ ಮರಳಬಹುದು, ಎಲ್ಲವೂ ಮೊದಲಿನಂತೆಯೇ ಕಾಣಬಹುದು. ಆದರೆ ಆ ಹೊತ್ತಿನ ಊಟ ಮರಿಗಳ ಹೊಟ್ಟೆಯಲ್ಲಿ ಉಳಿದಿರುವುದಿಲ್ಲ. ದಿನಕ್ಕೆ ಹಲವು ತಂಡಗಳು ಹೀಗೆ ಐದೈದು ನಿಮಿಷ ಇಳಿದರೆ ಏನಾದೀತು ಎಂದು ಯೋಚಿಸಿ.

ಕಾನೂನಿನ ಮಾತು ಇಷ್ಟೇ: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 27ನೇ ಕಲಮು ಅನುಮತಿ ಇಲ್ಲದೆ ಅಭಯಾರಣ್ಯ ಪ್ರವೇಶಿಸುವುದನ್ನು ನಿರ್ಬಂಧಿಸುತ್ತದೆ. ನೀವು ಟಿಕೆಟ್ ಪಡೆದು ದೋಣಿಯಲ್ಲಿ ಕುಳಿತಿದ್ದು ಒಂದು ಅನುಮತಿ. ಅದು ನೀರಿನ ಮೇಲಿನ ಆ ಹಾದಿಗೆ ಮಾತ್ರ ಸೀಮಿತ. ಮಕ್ಕಳಿಗೆ ಬೇಸರವಾಗಿದ್ದರೆ ಮುಂದಿನ ಸಲ ಒಂದು ಬೈನಾಕ್ಯುಲರ್ ತೆಗೆದುಕೊಂಡು ಹೋಗಿ. ನೆರಳು ಮಾಡಿ ನಿಂತ ಕೊಕ್ಕರೆಯನ್ನು ತೋರಿಸಿ. ಬಂಡೆಯ ಮೇಲೆ ನಿಂತರೆ ಅದು ಕಾಣುವುದಿಲ್ಲ, ಏಕೆಂದರೆ ಆಗ ಅದು ಅಲ್ಲಿರುವುದೇ ಇಲ್ಲ.

ಪ್ರಶ್ನೆ: ಈ ತಿಟ್ಟುಗಳು ಪ್ರಕೃತಿ ಮಾಡಿದವೋ ಮನುಷ್ಯ ಮಾಡಿದವೋ? ನಮ್ಮ ಊರಿನಲ್ಲಿ ಈ ಬಗ್ಗೆ ಎರಡು ಅಭಿಪ್ರಾಯಗಳಿವೆ. (ಶ್ರೀರಂಗಪಟ್ಟಣದ ಓದುಗರು)

ಉತ್ತರ: ಎರಡೂ ಸರಿ. ಬಂಡೆಗಳು ಈ ಸೀಮೆಯ ನೆಲಗಟ್ಟೇ ಆಗಿರುವ ನೈಸ್ ಶಿಲೆಯವು. ಅವುಗಳ ವಯಸ್ಸನ್ನು ನೂರಾರು ಕೋಟಿ ವರ್ಷಗಳಲ್ಲಿ ಎಣಿಸಬೇಕು. ಆದರೆ ಅವು ನೀರಿನಿಂದ ಸುತ್ತುವರಿದ ನಡುಗಡ್ಡೆಗಳಾದದ್ದು ಮನುಷ್ಯನ ಕೆಲಸದಿಂದ. 1645 ಮತ್ತು 1648ರ ನಡುವೆ ಮೈಸೂರಿನ ಅರಸರಾಗಿದ್ದ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಒಂದು ಕಟ್ಟೆ ಕಟ್ಟಿಸಿದರು. ಕಟ್ಟೆಯ ಹಿಂದೆ ನೀರು ನಿಂತು, ತಗ್ಗು ಮುಳುಗಿ, ಉಬ್ಬು ಉಳಿದು, ಉಳಿದ ಉಬ್ಬುಗಳ ಸುತ್ತ ಹೂಳು ಕೂಡಿ, ಹೂಳಿನ ಮೇಲೆ ಮರಗಿಡ ಬೆಳೆದು ಈ ತಿಟ್ಟುಗಳಾದವು. ನೀರಾವರಿಗಾಗಿ ಕಟ್ಟಿದ ಕಟ್ಟೆ ಹಕ್ಕಿಗಳಿಗೆ ಆಸರೆಯಾಯಿತು. ಪಕ್ಷಿತಜ್ಞ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಾಗ ಇಲ್ಲಿನ ಗೂಡುಗಳ ಮಹತ್ವವನ್ನು ಗುರುತಿಸಿ ಅರಮನೆಯವರಿಗೆ ಮನವರಿಕೆ ಮಾಡಿಕೊಟ್ಟರು. 1940ರಲ್ಲಿ ಇದು ರಕ್ಷಿತ ತಾಣವಾಯಿತು. ವನ್ಯಜೀವಿ ಕಾಯಿದೆ ಬರುವುದಕ್ಕೆ ಮೂರು ದಶಕಗಳಿಗೂ ಮುಂಚೆ, ಬೇಟೆಯೇ ಪ್ರತಿಷ್ಠೆಯಾಗಿದ್ದ ಕಾಲದಲ್ಲಿ, ಹುಲಿಯೂ ಅಲ್ಲದ ಆನೆಯೂ ಅಲ್ಲದ ಕೊಕ್ಕರೆಗಳಿಗಾಗಿ ಒಂದು ಸಂಸ್ಥಾನ ಹೊಳೆಯ ನಡುವಿನ ನೆಲವನ್ನು ಬಿಟ್ಟುಕೊಟ್ಟಿತು ಎಂಬುದು ನಾವು ಹೆಮ್ಮೆಯಿಂದ ನೆನೆಯಬೇಕಾದ ವಿಷಯ.

ಪ್ರಶ್ನೆ: ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇದೇ ಬಣ್ಣದ ಕೊಕ್ಕರೆಗಳು ಮನೆಯ ಹಿತ್ತಲಿನ ಹುಣಸೆಮರದಲ್ಲಿ ಗೂಡು ಕಟ್ಟುತ್ತವೆ. ಕೆಳಗೆ ಹೆಂಗಸರು ಪಾತ್ರೆ ತೊಳೆಯುತ್ತಾರೆ, ಎತ್ತಿನಗಾಡಿ ಹೋಗುತ್ತದೆ. ಹಕ್ಕಿಗಳು ಕದಲುವುದಿಲ್ಲ. ಹಾಗಾದರೆ ರಂಗನತಿಟ್ಟಿನಲ್ಲಿ ಮಾತ್ರ ಮನುಷ್ಯನನ್ನು ದೂರ ಇಡುವುದು ಏಕೆ?

ಉತ್ತರ: ಈ ಬಾರಿ ಬಂದ ಪ್ರಶ್ನೆಗಳಲ್ಲಿ ನಮ್ಮನ್ನು ಅತ್ಯಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಇದು. ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು ಮನುಷ್ಯರಿಗೆ ಹೆದರುವುದಿಲ್ಲ ಎನ್ನುವುದಕ್ಕಿಂತ, ಆ ಊರಿನ ಮನುಷ್ಯರಿಗೆ ಹೆದರುವುದಿಲ್ಲ ಎನ್ನುವುದು ಹೆಚ್ಚು ಸರಿಯಾದ ಮಾತು. ಅಲ್ಲಿನ ಜನ ತಲೆಮಾರುಗಳಿಂದ ಅದೇ ಅಂಗಳದಲ್ಲಿ, ಅದೇ ಹೊತ್ತಿನಲ್ಲಿ, ಅದೇ ಕೆಲಸ ಮಾಡುತ್ತಾ ಬಂದಿದ್ದಾರೆ. ಅವರು ಮರ ಹತ್ತುವುದಿಲ್ಲ, ಕಲ್ಲು ಬೀರುವುದಿಲ್ಲ, ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಎಂದು ನಂಬಿದ್ದಾರೆ. ಹಿಕ್ಕೆಯನ್ನು ಗೊಬ್ಬರವಾಗಿ ಹೊಲಕ್ಕೆ ಹಾಕಿದ್ದಾರೆ. ಹುಣಸೆಹಣ್ಣಿನ ಫಸಲು ಕಳೆದುಕೊಂಡರೂ ಮರವನ್ನು ಉಳಿಸಿಕೊಂಡಿದ್ದಾರೆ, ಅದಕ್ಕಾಗಿ ಅರಣ್ಯ ಇಲಾಖೆ ಪರಿಹಾರ ನೀಡುವ ಕ್ರಮವೂ ಬಂದಿದೆ. 2007ರಲ್ಲಿ ಆ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿದ್ದು ಈ ಸಂಬಂಧಕ್ಕೆ ಸಿಕ್ಕ ಮನ್ನಣೆ. ಇಂಥ ನಂಬಿಕೆಯನ್ನು ಟಿಕೆಟ್ ಪಡೆದು ಬರುವ, ದಿನವೂ ಬದಲಾಗುವ ಪ್ರವಾಸಿಗರ ಗುಂಪು ಗಳಿಸಲಾರದು. ಆ ಊರಿನಲ್ಲೇ ಆದರೂ, ಹೊರಗಿನಿಂದ ಬಂದವರು ಚಪ್ಪಾಳೆ ತಟ್ಟಿ ಹಕ್ಕಿ ಹಾರಿಸಲು ನೋಡಿದರೆ ಮನೆಯವರು ಗದರಿಸುವುದು ಇದೇ ಕಾರಣಕ್ಕೆ.

ಇನ್ನೊಂದು ಕಾರಣ ಹಕ್ಕಿಗಳ ಸ್ವಭಾವದಲ್ಲೇ ಇದೆ. ಕೊಕ್ಕರೆ ಬೆಳ್ಳೂರಿನಲ್ಲಿ ನೆಲೆಸಿದ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಎತ್ತರದ ಮರದಲ್ಲಿ ಗೂಡು ಕಟ್ಟುವಂಥವು. ನೆಲದ ಗದ್ದಲ ಅವುಗಳಿಗೆ ದೂರದ್ದು. ರಂಗನತಿಟ್ಟಿನಲ್ಲಿಯಾದರೋ ತಗ್ಗಿನ ಪೊದೆಗಳಲ್ಲಿ ಗೂಡು ಮಾಡುವ ಹಕ್ಕಿಗಳಿವೆ, ಗೂಡೇ ಇಲ್ಲದೆ ಬರಿಬಂಡೆಯ ಮೇಲೆ ಮೊಟ್ಟೆ ಇಡುವ ನದಿ ರೀವ (ರಿವರ್ ಟರ್ನ್), ಗ್ರೇಟ್ ಥಿಕ್‌ನೀ ಹಕ್ಕಿಗಳೂ ಇವೆ. ಇವುಗಳ ಮೊಟ್ಟೆ ಬಂಡೆಯ ಬಣ್ಣವನ್ನೂ ಚುಕ್ಕೆಗಳನ್ನೂ ಎಷ್ಟು ಹೋಲುತ್ತದೆ ಎಂದರೆ, ಎಚ್ಚರಿಕೆಯಿಂದ ನಡೆಯುವವರ ಕಾಲಿಗೂ ಸಿಕ್ಕಿ ಒಡೆದೀತು. ಒಂದು ಕಡೆ ಜನ ಜೊತೆಗಿದ್ದು ಕಾಪಾಡಿದರು, ಇನ್ನೊಂದು ಕಡೆ ದೂರವಿದ್ದು ಕಾಪಾಡಬೇಕಾಗಿದೆ. ಮಂಡ್ಯ ಜಿಲ್ಲೆಗೆ ಎರಡೂ ಬಗೆ ದಕ್ಕಿರುವುದು ನಮ್ಮ ಭಾಗ್ಯ.

ಪ್ರಶ್ನೆ: ಅಲ್ಲಿನ ಮೊಸಳೆಗಳು ಹಕ್ಕಿಮರಿಗಳನ್ನು ತಿನ್ನುತ್ತವೆ. ಪಕ್ಷಿಧಾಮದಲ್ಲಿ ಮೊಸಳೆಗಳನ್ನು ಏಕೆ ಬಿಟ್ಟಿದ್ದಾರೆ? ಹಿಡಿದು ಬೇರೆಡೆ ಸಾಗಿಸಬಾರದೇ? (ಮೈಸೂರಿನ ಕಾಲೇಜು ವಿದ್ಯಾರ್ಥಿ)

ಉತ್ತರ: ಅವು ಇಲ್ಲಿಗೆ ಹೊರಗಿನವಲ್ಲ, ಕಾವೇರಿ ಅವುಗಳ ಮನೆ. ಗೂಡಿನಿಂದ ಜಾರಿ ಬಿದ್ದ ಮರಿಯನ್ನು ಮೊಸಳೆ ತಿನ್ನುವುದು ನಿಜ. ಆದರೆ ಮೊಸಳೆ ಮರ ಹತ್ತಿ ಗೂಡಿಗೆ ಬಾಯಿ ಹಾಕುವುದಿಲ್ಲ. ಗೂಡಿಗೆ ಬಾಯಿ ಹಾಕಬಲ್ಲ ಕಾಡುಬೆಕ್ಕು, ನಾಯಿಗಳಂಥ ಪ್ರಾಣಿಗಳು ದಡದಿಂದ ತಿಟ್ಟಿಗೆ ಬರಬೇಕಾದರೆ ಮೊಸಳೆ ಇರುವ ನೀರನ್ನು ಈಜಿಯೇ ಬರಬೇಕು. ಹಾಗಾಗಿ ಬಿದ್ದ ಮರಿಗಳ ಲೆಕ್ಕವನ್ನು ಮಾತ್ರ ನೋಡದೆ, ಬೀಳದೆ ಉಳಿದ ಗೂಡುಗಳ ಲೆಕ್ಕವನ್ನೂ ನೋಡಬೇಕು. ಹಕ್ಕಿಗಳ ಹಿಕ್ಕೆಯಿಂದ ನೀರು ಫಲವತ್ತಾಗುತ್ತದೆ, ಅದರಿಂದ ಮೀನು ಹೆಚ್ಚುತ್ತದೆ, ಆ ಮೀನು ಮೊಸಳೆಗೂ ನೀರುನಾಯಿಗೂ ಹಕ್ಕಿಗೂ ಆಹಾರವಾಗುತ್ತದೆ.

ಮೊಸಳೆಗೂ ಈ ಜನವಿಲ್ಲದ ಬಂಡೆಗಳು ಬೇಕು. ಅದು ಶೀತರಕ್ತದ ಪ್ರಾಣಿಯಾದ್ದರಿಂದ ಮೈ ಬೆಚ್ಚಗೆ ಮಾಡಿಕೊಳ್ಳಲು ಬಿಸಿಲಿಗೆ ಬರಲೇಬೇಕು. ಬಾಯಿ ತೆರೆದುಕೊಂಡು ಮಲಗಿರುವುದು ಯಾರನ್ನೋ ಹೆದರಿಸುವುದಕ್ಕಲ್ಲ, ದೇಹದ ಉಷ್ಣವನ್ನು ಹದದಲ್ಲಿ ಇಟ್ಟುಕೊಳ್ಳುವುದಕ್ಕೆ. ಬೇಸಗೆಗೆ ಮುಂಚೆ ದಡದ ಮಣ್ಣಿನಲ್ಲಿ ಗುಳಿ ತೋಡಿ ಇಪ್ಪತ್ತೈದು ಮೂವತ್ತು ಮೊಟ್ಟೆ ಇಟ್ಟು ಮುಚ್ಚುತ್ತದೆ. ಸುಮಾರು ಎರಡು ತಿಂಗಳಿಗೆ ಮರಿ ಹೊರಬರುತ್ತದೆ. ಕಾಯಿದೆಯ ಮೊದಲನೆಯ ಪರಿಚ್ಛೇದದಲ್ಲಿ, ಅಂದರೆ ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿ ಮೊಸಳೆ ಇದೆ.

ಪ್ರಶ್ನೆ: ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟಾಗ ತಿಟ್ಟುಗಳು ಮುಳುಗಿ ದೋಣಿವಿಹಾರ ನಿಲ್ಲಿಸಿದ ಸುದ್ದಿ ಬರುತ್ತದೆ. ಆಗ ಹಕ್ಕಿಗಳ ಗತಿ ಏನು? (ಪಾಂಡವಪುರದ ಓದುಗರು)

ಉತ್ತರ: ರಂಗನತಿಟ್ಟು ಕೃಷ್ಣರಾಜಸಾಗರದಿಂದ ಕೆಲವೇ ಕಿಲೋಮೀಟರ್ ಕೆಳಗಿದೆ. ಕೊಡಗಿನಲ್ಲೂ ಹೇಮಾವತಿಯ ಮೇಲ್ಭಾಗದಲ್ಲೂ ಮಳೆ ಜೋರಾಗಿ, ಜಲಾಶಯ ತನ್ನ ಗರಿಷ್ಠ ಮಟ್ಟವಾದ 124.80 ಅಡಿಯ ಹತ್ತಿರಕ್ಕೆ ಬಂದರೆ ಹೆಚ್ಚಿನ ನೀರನ್ನು ಹೊಳೆಗೆ ಬಿಡದೆ ಬೇರೆ ದಾರಿಯಿಲ್ಲ. ಆ ಪ್ರವಾಹದಲ್ಲಿ ತಗ್ಗಿನ ಗೂಡುಗಳು ಕೊಚ್ಚಿಹೋಗುತ್ತವೆ, ತಿಟ್ಟುಗಳ ಅಂಚಿನ ಮಣ್ಣು ಕೊರೆದು ಬೇರು ಸಡಿಲವಾದ ಮರಗಳು ಉರುಳುತ್ತವೆ. ಒಂದು ವರ್ಷದ ಮರಿಗಳು ಹೋದರೆ ಮರುವರ್ಷ ಹಕ್ಕಿಗಳು ಮತ್ತೆ ಗೂಡು ಕಟ್ಟಿಯಾವು. ಮರವೇ ಹೋದರೆ ಹಾಗಲ್ಲ, ಗೂಡಿನ ಭಾರ ತಡೆಯುವಂಥ ಹೊಳೆಮತ್ತಿ ಬೆಳೆಯಲು ದಶಕಗಳು ಬೇಕು. ಪ್ರವಾಹ ಇಳಿದ ಮೇಲೆ ಮರಳಿನ ಮೂಟೆ ಪೇರಿಸಿ ಅಂಚು ಭದ್ರಪಡಿಸುವುದು, ಸಸಿ ನೆಡುವುದು ಇವೇ ಮೊದಲಾದ ಕೆಲಸಗಳು ನಡೆಯುವುದು ಈ ಕಾರಣಕ್ಕೆ. ಪ್ರವಾಸಿಗರಿಗೆ ಆಕರ್ಷಕವಾಗಿ ಕಾಣದ ಈ ಕೆಲಸವೇ ಪಕ್ಷಿಧಾಮದ ಮುಖ್ಯ ಕೆಲಸ ಎಂದು ನಾವು ಭಾವಿಸುತ್ತೇವೆ.

ಮಳೆಗಾಲದ ಪ್ರವಾಹ ಎಲ್ಲರ ಕಣ್ಣಿಗೆ ಬೀಳುತ್ತದೆ. ಬೇಸಗೆಯಲ್ಲಿ ಇದ್ದಕ್ಕಿದ್ದಂತೆ ಏರುವ ಒಂದೆರಡು ಅಡಿ ನೀರು ಯಾರ ಕಣ್ಣಿಗೂ ಬೀಳುವುದಿಲ್ಲ. ನದಿ ರೀವ ಮೊಟ್ಟೆ ಇಡುವುದು ಹೊಳೆ ತಗ್ಗಿ ಬಂಡೆಗಳು ತಲೆ ಎತ್ತಿದ ಫೆಬ್ರುವರಿಯಿಂದ ಮೇ ತಿಂಗಳವರೆಗಿನ ಅವಧಿಯಲ್ಲಿ. ಕಲ್ಲಿನ ಮೇಲೆಯೋ ಮರಳಿನ ಮೇಲೆಯೋ ಎರಡು ಮೂರು ಮೊಟ್ಟೆ, ಅಷ್ಟೇ. ಆಗ ಕೆಳಗಿನವರ ಅಗತ್ಯಕ್ಕಾಗಿ ನೀರು ಬಿಟ್ಟರೆ, ಪ್ರವಾಹವಲ್ಲದ ಆ ಏರಿಕೆಯೂ ಮೊಟ್ಟೆಗಳನ್ನು ಮುಳುಗಿಸಲು ಸಾಕು. ಈ ಹಕ್ಕಿ ಈಗ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಅಪಾಯಕ್ಕೆ ಸಿಲುಕಬಹುದಾದ ಪ್ರಭೇದಗಳ ಸಾಲಿನಲ್ಲಿದೆ, ಮತ್ತು ಭಾರತದ ಹಲವು ಹೊಳೆಗಳಲ್ಲಿ ಅದರ ಸಂಕಟ ಇದೇ ಬಗೆಯದು. ಜನರ ಕುಡಿಯುವ ನೀರಿಗೂ ಪೈರಿಗೂ ಹೊಳೆ ಬೇಕೇ ಬೇಕು, ಅದನ್ನು ಪ್ರಶ್ನಿಸುವಂತಿಲ್ಲ. ಆದರೆ ಬಿಡುವ ನೀರನ್ನು ಒಮ್ಮೆಲೇ ಬಿಡದೆ ಹಂತ ಹಂತವಾಗಿ ಏರಿಸುವುದು, ಮೊಟ್ಟೆ ಇಡುವ ವಾರಗಳಲ್ಲಿ ಅರಣ್ಯ ಇಲಾಖೆಯವರೂ ನೀರಾವರಿಯವರೂ ಮೊದಲೇ ಮಾತನಾಡಿಕೊಳ್ಳುವುದು ಅಸಾಧ್ಯವೇನಲ್ಲ.

ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಮಳೆ ಕೈಕೊಟ್ಟ ವರ್ಷ ಹೊಳೆ ತೀರಾ ಬತ್ತಿದರೆ ದಡಕ್ಕೂ ತಿಟ್ಟಿಗೂ ನಡುವಿನ ನೀರಿನ ಬೇಲಿ ತೆಳುವಾಗುತ್ತದೆ. ನಾಯಿಗಳು ಕಲ್ಲಿನಿಂದ ಕಲ್ಲಿಗೆ ದಾಟಿಕೊಂಡು ಬರಬಲ್ಲವು.

ಪ್ರಶ್ನೆ: ಇಲ್ಲಿಗೆ ಸೈಬೀರಿಯಾದಿಂದಲೂ ಲ್ಯಾಟಿನ್ ಅಮೆರಿಕದಿಂದಲೂ ಹಕ್ಕಿಗಳು ಬಂದು ಮರಿ ಮಾಡುತ್ತವೆ ಎಂದು ಓದಿದ್ದೇನೆ. ನಿಜವೇ? (ಮಂಡ್ಯದ ಓದುಗರು)

ಉತ್ತರ: ಲ್ಯಾಟಿನ್ ಅಮೆರಿಕದಿಂದ ಬರುತ್ತವೆ ಎಂಬುದು ಎಲ್ಲೋ ಹುಟ್ಟಿ ಎಲ್ಲೆಡೆ ಹರಡಿದ ಮಾತು, ಅದನ್ನು ದಯವಿಟ್ಟು ಮುಂದೆ ದಾಟಿಸಬೇಡಿ. ಸೈಬೀರಿಯಾ ಮತ್ತು ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲದಲ್ಲಿ ಕೆಲವು ಬಾತುಗಳೂ ಇತರ ಹಕ್ಕಿಗಳೂ ನಮ್ಮ ಕೆರೆಹೊಳೆಗಳಿಗೆ ಬರುವುದು ನಿಜ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳಂತೂ ಹಿಮಾಲಯವನ್ನೇ ದಾಟಿ ಬರುತ್ತವೆ. ಆದರೆ ಇವು ಇಲ್ಲಿ ಮರಿ ಮಾಡುವುದಿಲ್ಲ, ಚಳಿ ಕಳೆದು ಹೊರಟುಹೋಗುತ್ತವೆ. ರಂಗನತಿಟ್ಟಿನಲ್ಲಿ ಗೂಡು ಕಟ್ಟುವ ಕೊಕ್ಕರೆಗಳು ನಮ್ಮ ದೇಶದವೇ, ಬಹುಪಾಲು ನಮ್ಮ ಸುತ್ತಲಿನ ಕೆರೆ, ಗದ್ದೆಗಳಲ್ಲಿ ಮೇಯುವವೇ.

ಪ್ರಶ್ನೆ: ರಾಮ್ಸರ್ ತಾಣ ಎಂಬ ಹೆಸರು ಬಂದ ಮೇಲೆ ಏನು ಬದಲಾಯಿತು?

ಉತ್ತರ: ಜೌಗು ನೆಲಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸರ್ ನಗರದಲ್ಲಿ ಆದ ಒಪ್ಪಂದದ ಪಟ್ಟಿಗೆ ರಂಗನತಿಟ್ಟು 2022ರಲ್ಲಿ ಸೇರಿತು, ಕರ್ನಾಟಕದಿಂದ ಸೇರಿದ ಮೊದಲ ತಾಣ ಇದು. ನಾವು ಗಮನಿಸಬೇಕಾದದ್ದು ವಿಸ್ತೀರ್ಣವನ್ನು. ಪಕ್ಷಿಧಾಮ ಎಂದು ಮೊದಲಿನಿಂದ ಹೇಳುತ್ತಾ ಬಂದದ್ದು ಒಂದು ಚದರ ಕಿಲೋಮೀಟರ್‌ಗೂ ಕಡಿಮೆಯ ಜಾಗ. ರಾಮ್ಸರ್ ಪಟ್ಟಿಯಲ್ಲಿರುವುದು ಸುಮಾರು 518 ಹೆಕ್ಟೇರ್, ಅಂದರೆ ಐದು ಚದರ ಕಿಲೋಮೀಟರ್‌ಗೂ ಹೆಚ್ಚು. ತಿಟ್ಟುಗಳಷ್ಟನ್ನೇ ಕಾಪಾಡಿದರೆ ಸಾಲದು, ಸುತ್ತಲಿನ ಹೊಳೆಯೂ ಅದರೊಳಗೆ ಬರಬೇಕು ಎಂಬ ತಿಳಿವಳಿಕೆ ಅದರಲ್ಲಿದೆ.

ಪ್ರಶ್ನೆ: ಡ್ರೋನ್ ಹಾರಿಸಿ ಮೇಲಿನಿಂದ ಗೂಡುಗಳ ವಿಡಿಯೊ ಮಾಡಬಹುದೇ? ನೆಲ ಮುಟ್ಟುವ ಪ್ರಶ್ನೆಯೇ ಇಲ್ಲವಲ್ಲ?

ಉತ್ತರ: ಅನುಮತಿ ಇಲ್ಲದೆ ಕೂಡದು. ಮೇಲಿನಿಂದ ಬರುವ ಯಾವುದೇ ವಸ್ತು ಗೂಡಿನ ಹಕ್ಕಿಗೆ ಹದ್ದಿನಂತೆಯೇ ಕಾಣುತ್ತದೆ. ನೆಲ ಮುಟ್ಟದೆಯೇ ಇಡೀ ಮರವನ್ನು ಎಬ್ಬಿಸಬಹುದು.

ಪ್ರಶ್ನೆ: ನಮ್ಮದು ವಿರಿಜಾ ನಾಲೆಯ ಅಚ್ಚುಕಟ್ಟಿನ ಭತ್ತದ ಗದ್ದೆ. ಬಾಯಿಕಳಕ ಹಕ್ಕಿಗಳು ಗುಂಪಾಗಿ ಬಂದು ಗದ್ದೆಯಲ್ಲಿ ಇಳಿಯುತ್ತವೆ. ಇವು ರಂಗನತಿಟ್ಟಿನವೇ? ಪೈರಿಗೆ ಹಾನಿಯೇ? ಓಡಿಸಬೇಕೇ? (ಶ್ರೀರಂಗಪಟ್ಟಣ ತಾಲ್ಲೂಕಿನ ರೈತರು)

ಉತ್ತರ: ಮರಿ ಮಾಡುವ ಕಾಲವಾದರೆ ರಂಗನತಿಟ್ಟಿನವೇ ಆಗಿರುವ ಸಂಭವ ಹೆಚ್ಚು. ತಿಟ್ಟುಗಳು ತೊಟ್ಟಿಲು ಮಾತ್ರ. ಊಟ ಬರುವುದು ನಿಮ್ಮಂಥವರ ಗದ್ದೆಗಳಿಂದ, ಕೆರೆಯ ಅಂಚುಗಳಿಂದ, ನಾಲೆಯ ಬದುಗಳಿಂದ. ಬಾಯಿಕಳಕದ ಮುಖ್ಯ ಆಹಾರ ನೀರಿನ ಬಸವನಹುಳು. ಅದರ ಕೊಕ್ಕಿನ ಎರಡು ದಳಗಳ ನಡುವೆ ಒಂದು ಸಂದು ಇರುತ್ತದೆ. ಮುಚ್ಚಿದಾಗಲೂ ತುದಿಗಳು ಮಾತ್ರ ಕೂಡುತ್ತವೆ. ಮರಿಗಳಿಗೆ ಈ ಸಂದು ಇರುವುದಿಲ್ಲ, ಬೆಳೆದಂತೆ ಮೂಡುತ್ತದೆ. ಚಿಪ್ಪನ್ನು ಜಜ್ಜದೆ, ಕೆಳದಳದ ಮೊನೆಯನ್ನು ಚಿಪ್ಪಿನ ಬಾಯಿಯೊಳಗೆ ತೂರಿಸಿ, ಹುಳುವನ್ನು ಚಿಪ್ಪಿಗೆ ಅಂಟಿಕೊಂಡ ಕಡೆ ಕತ್ತರಿಸಿ ಇಡಿಯಾಗಿ ಎಳೆದು ತಿನ್ನುತ್ತದೆ. ಹಕ್ಕಿಗಳು ಎದ್ದು ಹೋದ ಮೇಲೆ ಬದುವಿನ ಬಳಿ ನೋಡಿ, ಒಡೆಯದ ಖಾಲಿ ಚಿಪ್ಪುಗಳು ಬಿದ್ದಿರುತ್ತವೆ.

ಪೈರನ್ನು ಅವು ತಿನ್ನುವುದಿಲ್ಲ. ಎಳೆಯ ನಾಟಿಯಲ್ಲಿ ದೊಡ್ಡ ಗುಂಪು ಓಡಾಡಿದರೆ ಕೆಲವು ಪೈರು ಕಾಲಿಗೆ ಸಿಕ್ಕಿ ಬಾಗಬಹುದು. ಅದು ಬಿಟ್ಟರೆ ಪೈರು ಕಡಿಯುವ ಹುಳುಗಳು ಕಡಿಮೆಯಾಗುವ ಲಾಭ ನಿಮ್ಮದೇ. ಓಡಿಸಬೇಡಿ. ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದಿದೆ: ಹರಳು ರೂಪದ ಕೀಟನಾಶಕ ಹಾಕಿದ ದಿನಗಳಲ್ಲಿ ವಿಷ ತಾಗಿದ ಹುಳು, ಏಡಿ, ಮೀನುಗಳನ್ನು ಹಕ್ಕಿಗಳು ತಿಂದು, ಅದನ್ನೇ ಮರಿಗಳಿಗೂ ಉಣಿಸುತ್ತವೆ. ಕೀಟದ ಬಾಧೆ ನಿಜವಾಗಿ ಇದೆಯೇ ಎಂದು ಗದ್ದೆಯಲ್ಲಿ ನೋಡಿಕೊಂಡು, ಕೃಷಿ ಅಧಿಕಾರಿಗಳು ಹೇಳಿದ ಪ್ರಮಾಣದಲ್ಲಿ ಮಾತ್ರ ಬಳಸಿ. ಔಷಧಿ ಹಾಕಿದ ಗದ್ದೆಯ ನೀರನ್ನು ಕೂಡಲೇ ನಾಲೆಗೆ ಬಿಡಬೇಡಿ. ಗದ್ದೆಯಲ್ಲಿ ಹಕ್ಕಿಗಳು ಸತ್ತು ಬಿದ್ದಿರುವುದು ಕಂಡರೆ ಬರಿಗೈಯಲ್ಲಿ ಮುಟ್ಟದೆ, ಹೂಳದೆ, ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೋ ಪಶು ಆಸ್ಪತ್ರೆಗೋ ಅಂದೇ ತಿಳಿಸಿ. ವಿಷವೋ ರೋಗವೋ ಎಂಬುದು ಪರೀಕ್ಷೆಯಿಂದ ಗೊತ್ತಾಗಬೇಕಾದರೆ ದೇಹ ಕೊಳೆಯುವ ಮುಂಚೆ ಅವರ ಕೈ ಸೇರಬೇಕು.